ಶನಿವಾರದ ಹೋಮ

ನನಗೆ ಬುದ್ಧಿ ತಿಳಿದಾಗಿನಿಂದ ನಮ್ಮ ಅಡುಗೆಮನೆಯಲ್ಲಿ ಎರಡು ಪಕ್ಷ. ಅಪ್ಪ ಬೆಳಗಾವಿಯವನು, ಅಮ್ಮ ಮೈಸೂರಿನವಳು. ಅಪ್ಪನ ಪಕ್ಷಕ್ಕೆ ಅಜ್ಜಿಯ ಬೆಂಬಲ. ಆಕೆ ಅಪ್ಪನ ತಾಯಿ, ಕೆನಡಾದ ಮಿಸಿಸಾಗಾ ಊರಿನ ಎರಿನ್ ಮಿಲ್ಸ್ ಬಡಾವಣೆಯ ಟೌನ್‌ಹೌಸಿನಲ್ಲಿ ನಮ್ಮ ಜೊತೆಗೇ ಇದ್ದಳು. ಅಮ್ಮನ ಪಕ್ಷದಲ್ಲಿ ಅಮ್ಮ ಒಬ್ಬಳೇ, ಆದರೆ ಕುಕ್ಕರು ಅವಳ ಕೈಯಲ್ಲಿತ್ತು. ಅಜ್ಜಿ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯಲು ನಿಂತರೆ, ಗೋಡೆಗೆ ಯಾರೋ ಮೊಳೆ ಹೊಡೆಯುತ್ತಿದ್ದಾರೆ ಎಂದುಕೊಂಡು ಪಕ್ಕದ ಮನೆಯ ಪೋರ್ಚುಗೀಸ್ ಮುದುಕಿ ಬಾಗಿಲು ತಟ್ಟಿದ್ದುಂಟು. ಅಮ್ಮ ಪಲ್ಯಕ್ಕೆ ಕಾಯಿತುರಿ ಹಾಕಿದರೆ ಅಜ್ಜಿ ಅದರ ಮೇಲೆ ಶೇಂಗಾ ಹಿಂಡಿ ಉದುರಿಸಿಕೊಂಡೇ ತಿನ್ನುವಳು. ಅಮ್ಮ 'ಬಾರೇ ಇಲ್ಲಿ' ಎಂದು ಕರೆದರೆ ಅಜ್ಜಿ 'ಇಲ್ಲೆ ಬಾರವಾ' ಎಂದು ಕರೆಯುವಳು. ಮಿಸಿಸಾಗಾದ ಆಸ್ಪತ್ರೆಯಲ್ಲಿ ಹುಟ್ಟಿದ ನನ್ನ ತಮ್ಮ ಪವನ ಇಬ್ಬರಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಪಿಜ್ಜಾ ಪಕ್ಷ ಕಟ್ಟಿಕೊಂಡಿದ್ದ. ನಾನು ಮಾತ್ರ ರೊಟ್ಟಿಯ ಕಡೆಗೂ ಆಡುತ್ತಿದ್ದೆ, ಅನ್ನದ ಕಡೆಗೂ ಆಡುತ್ತಿದ್ದೆ. ಹಸಿವಾದಾಗ ಯಾರು ಮೊದಲು ಬಡಿಸುತ್ತಾರೋ ಅವರೇ ನನ್ನ ಟೀಮು. ಮುಂದೆ ಇದೇ ಪ್ರಶ್ನೆ ದೊಡ್ಡದಾಗಿ ಬಂದಾಗ ಉತ್ತರ ಅಷ್ಟು ಸಲೀಸಾಗಿ ಸಿಗಲಿಲ್ಲ.

ಅಪ್ಪ ಬೆಳಗಾವಿಯಲ್ಲಿ ಫುಟ್‌ಬಾಲ್ ಆಡಿಕೊಂಡು ಬೆಳೆದವನು. ಕನ್ನಡದವರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಕಣ್ಣಿಗೇ ಬೀಳುವುದಿಲ್ಲ ಎಂಬುದು ಅವನ ಬಹುದಿನದ ದೂರು. ಕನ್ನಡ ಬಳಗದ ಪಿಕ್ನಿಕ್ಕಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಬ್ಯಾಟು ಹಿಡಿದು ನಿಂತರೆ, ಅವನು ನನ್ನನ್ನು ಎಳೆದುಕೊಂಡು ಮೈದಾನದ ಇನ್ನೊಂದು ಮೂಲೆಗೆ ಹೋಗಿ ಬಾಲು ಎಸೆಯುತ್ತಿದ್ದ. ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವನಿಗೆ ಶಿಫ್ಟಿನ ಕೆಲಸ. ಶಿಫ್ಟು ಮುಗಿಸಿ ಬಂದು, ಬೂಟು ಕೂಡ ಬಿಚ್ಚದೆ ನನ್ನನ್ನು ಗ್ಯಾರೇಜಿನ ಬಾಗಿಲ ಮುಂದೆ ನಿಲ್ಲಿಸುವನು. ಬಾಗಿಲೇ ಗೋಲು. ಬಾಲು ತಗುಲಿದರೆ ಬೀದಿಗೆಲ್ಲ ಕೇಳುವಂತೆ ಢಣ್ ಎನ್ನುತ್ತಿತ್ತು, ಅಮ್ಮ ಒಳಗಿನಿಂದ ಕೂಗುತ್ತಿದ್ದಳು. ಅಮ್ಮ ಕೂಗಬಾರದು ಎಂದರೆ ಬಾಲು ಹಿಡಿಯಲೇಬೇಕು. ನಾನು ಗೋಲ್‌ಕೀಪರ್ ಆದದ್ದು ಹೀಗೆ, ಅಮ್ಮನ ಬೈಗುಳದ ದೆಸೆಯಿಂದ. ಅಜ್ಜಿ ಊರಿಗೆ ಫೋನು ಮಾಡಿದಾಗ 'ನಮ್ಮ ಶಾಲ್ಮಲಾ ಗೋಲೀ ಆಗ್ಯಾಳ' ಎಂದು ಹೇಳಿದ್ದಕ್ಕೆ, ಹೆಣ್ಣುಹುಡುಗಿ ಅಷ್ಟು ದೂರ ಹೋಗಿ ಗೋಲಿ ಆಡುವುದೇ ಎಂದು ಬಂಧುಗಳೆಲ್ಲ ಕನಿಕರಪಟ್ಟರು.

ಕೆನಡಾದಲ್ಲಿ ಏನು ಎಡವಟ್ಟಾದರೂ ಅಪ್ಪನಿಗೆ ಒಂದೇ ಮಾತು. ಕಾರು ಹಿಮದಲ್ಲಿ ಹೂತುಕೊಳ್ಳಲಿ, ತನಗೆ ಬರಬೇಕಾದ ಬಡ್ತಿ ಬೇರೆಯವನಿಗೆ ಹೋಗಲಿ, ದಂಡದ ಚೀಟಿ ಕೊಡಲು ಪೊಲೀಸಿನವನು ಕಿಟಕಿ ತಟ್ಟಲಿ, ಅವನು ನಗುತ್ತ ಹೇಳುತ್ತಿದ್ದ:

"ನಾವು ಇಲ್ಲೆ ಅವೇ ಟೀಮು. ರೆಫ್ರಿ ಯಾವಾಗಲೂ ಅವರ ಕಡೆನಽ ಇರ್ತಾನ."

ಪರರ ಮೈದಾನಕ್ಕೆ ಹೋಗಿ ಆಡುವ ತಂಡ ಎಂದರ್ಥ. ಚೇಷ್ಟೆಯ ಮಾತೇ, ಆದರೆ ಅದರೊಳಗೆ ಅವನ ಬದುಕಿನ ತೀರ್ಮಾನವೂ ಇತ್ತು. ಅವನ ಜೊತೆ ಬಂದವರೆಲ್ಲ ಪ್ರಮಾಣವಚನ ತೆಗೆದುಕೊಂಡು ಕೆನಡಾದ ಪ್ರಜೆಗಳಾದರು. ಅಪ್ಪ ಆಗಲಿಲ್ಲ. ಅಮ್ಮ ಕೇಳಿದಾಗಲೆಲ್ಲ 'ಮುಂದಿನ ವರ್ಷ ನೋಡೂಣು' ಎನ್ನುತ್ತ ಅವಳ ಅರ್ಜಿಯನ್ನೂ ತಡೆದಿಟ್ಟಿದ್ದ. ಆದ್ದರಿಂದ ಐದು ವರ್ಷದವಳಿದ್ದಾಗ ಬೆಳಗಾವಿಯಿಂದ ಬಂದ ನಾನೂ ಭಾರತದ ಪಾಸ್‌ಪೋರ್ಟಿನವಳೇ ಆಗಿ ಉಳಿದೆ.

ಇನ್ನು ಹೋಮದ ವಿಷಯ. ನಾನು ಎಂಟೋ ಒಂಬತ್ತೋ ವರ್ಷದವಳು, ಬಡಾವಣೆಯ ಹುಡುಗಿಯರ ಕ್ಲಬ್ಬಿಗೆ ಹೊಸದಾಗಿ ಸೇರಿದ್ದೆ. ಒಂದು ದಿನ ಅಜ್ಜಿ ರೊಟ್ಟಿ ಹಿಟ್ಟು ನಾದುತ್ತ ಕೇಳಿದಳು:

"ಶನಿವಾರ ಎಲ್ಲೆ ಹೋಗೂದದ ಆಟಕ್ಕ?"

"ಎಲ್ಲೂ ಇಲ್ಲಜ್ಜಿ. ಶನಿವಾರ ಹೋಮ್."

"ಹೋಮ? ಯಾರ ಮನ್ಯಾಗ?"

"ಮನ್ಯಾಗ ಅಲ್ಲ, ಗ್ರೌಂಡಿನ್ಯಾಗ. ನಮ್ಮ ಟೀಮಿಂದು."

"ಎಲ್ಲಾರೂ ಕೂಡಿ ಮಾಡಸ್ಲಿಕತ್ತೀರೇನು? ಛಲೋ ಆತು ಬಿಡು. ಮಕ್ಕಳಿಗೆ ಪೆಟ್ಟಾಗಬಾರದು."

ಸ್ವಂತ ಮೈದಾನದಲ್ಲಿ ಆಡುವ ಆಟಕ್ಕೆ ನಾವು ಹೋಮ್ ಎನ್ನುತ್ತಿದ್ದೆವು, ಅಜ್ಜಿ ಏನು ತಿಳಿದಳೆಂದು ನನಗೆ ಹೊಳೆಯಲಿಲ್ಲ. ಶನಿವಾರ ಅಜ್ಜಿ ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು, ಚಹಾ ಕೂಡ ಕುಡಿಯದೆ, ಮಡಿಸೀರೆ ಉಟ್ಟು, ತುಪ್ಪದ ಡಬ್ಬಿಯನ್ನೂ ಒಂದು ತೆಂಗಿನಕಾಯನ್ನೂ ಚೀಲದಲ್ಲಿಟ್ಟುಕೊಂಡು ಕಾರು ಹತ್ತಿದಳು. ಆಟದ ನಂತರ ರಿಚ್ಮಂಡ್ ಹಿಲ್‌ನ ದೇವಸ್ಥಾನಕ್ಕೆ ಕರೆದೊಯ್ಯಬೇಕೇನೋ ಎಂದು ಅಮ್ಮ ಅಂದುಕೊಂಡಳು. ಮೈದಾನದ ಒಂದು ಕಡೆ ಟೆಂಟು ಹಾಕಿದ್ದರು, ಅಲ್ಲಿಂದ ಹೊಗೆ ಏಳುತ್ತಿತ್ತು. ಹೊಗೆ ಕಂಡದ್ದೇ ಅಜ್ಜಿ ತುಪ್ಪದ ಡಬ್ಬಿ ತೆಗೆದು ಕೈಯಲ್ಲಿ ಹಿಡಿದು ಆ ಕಡೆ ನಡೆದುಬಿಟ್ಟಳು. ನಾನು ಆಟಕ್ಕೆ ಮುಂಚಿನ ಅಭ್ಯಾಸಕ್ಕೆ ಕೈಗವಸು ಹಾಕಿಕೊಂಡು ಗೋಲಿನಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದೆ, ಓಡಿ ಹೋಗಿ ತಡೆಯುವ ಹಾಗಿರಲಿಲ್ಲ. ಟೆಂಟಿನೊಳಗೆ ಯಾರದೋ ತಂದೆ ಕಬ್ಬಿಣದ ಜಾಲರಿಯ ಮೇಲೆ ಮಾಂಸದ ಸಾಸೇಜು ಸುಡುತ್ತಿದ್ದ. ಅಜ್ಜಿಯನ್ನು ಕಂಡು ಬಹಳ ಮರ್ಯಾದೆಯಿಂದ ಒಂದನ್ನು ಬನ್ನಿನಲ್ಲಿಟ್ಟು ಮುಂದೆ ಹಿಡಿದ. ಅಜ್ಜಿ ಸೆರಗು ಬಾಚಿಕೊಂಡು ಹಿಂದೆ ಸರಿದು ಕೂಗಿದ್ದು ಮೈದಾನಕ್ಕೆಲ್ಲ ಕೇಳಿಸಿತು:

"ವಸಂತಾ! ಏನೋ ಇದು? ಹೋಮ ಎಲ್ಲೆ ಅದ? ಆಚಾರ್ರು ಎಲ್ಲೆ?"

ವಸಂತ ಎಂದರೆ ನನ್ನ ಅಪ್ಪ. ಅವನು ವಿಷಯ ತಿಳಿದು ನಕ್ಕ ನಗುವಿಗೆ ಕಾರ್ ಪಾರ್ಕಿನ ಕಾಂಕ್ರೀಟ್ ಕಟ್ಟೆಯ ಮೇಲೆ ಕುಸಿದು ಕೂತ. ಅಜ್ಜಿ ನಗಲಿಲ್ಲ. ಸಂಕಲ್ಪ ಮಾಡಿ ತಂದ ಕಾಯನ್ನು ಹಾಗೇ ಮನೆಗೆ ಒಯ್ಯಬಾರದು, ಒಡಿ ಎಂದಳು. ಫುಟ್‌ಬಾಲಿಗೆ ಕಾಯಿ ಒಡೆಯುವುದೇ, ನೋಡಿದವರು ಏನೆಂದಾರು ಎಂದು ಅಪ್ಪ ಗೊಣಗಿದ. ಅತ್ತಿತ್ತ ನೋಡುತ್ತ, ಅಂಜಂಜುತ್ತ ಕಟ್ಟೆಗೆ ಕುಟ್ಟಿದ. ಮೂರು ನಾಲ್ಕು ಏಟಿಗೆ ಒಡೆಯಿತು, ಕಾಯಿನೀರೆಲ್ಲ ಅವನ ಬೂಟಿನ ಮೇಲೆ. ನಮ್ಮ ಕೋಚ್ ರೂಪ್ ಎಂಬಾತ ಟ್ರಿನಿಡಾಡಿನಿಂದ ಬಂದ ಭಾರತೀಯ ಮೂಲದವನು. ಸದ್ದು ಕೇಳಿ ಹತ್ತಿರ ಬಂದು, ತನ್ನ ನಾನಿ, ಅಂದರೆ ತಾಯಿಯ ತಾಯಿಯೂ ಹೀಗೇ ಮಾಡುತ್ತಿದ್ದಳು ಎಂದು ಇಂಗ್ಲಿಷಿನಲ್ಲಿ ಹೇಳಿ, ಒಂದು ಚೂರು ಕಣ್ಣಿಗೊತ್ತಿಕೊಂಡು ತಿಂದ. ಆ ಋತುವಿನಲ್ಲಿ ಅಲ್ಲಿಯ ತನಕ ಎಲ್ಲ ಆಟ ಸೋತಿದ್ದ ನಾವು ಅಂದು ಮೊದಲ ಸಲ ಸೋಲಲಿಲ್ಲ. ಗೆಲ್ಲಲೂ ಇಲ್ಲ ಅನ್ನಿ. ಆದರೆ ಅಲ್ಲಿಂದ ಮುಂದೆ ನಮ್ಮ ಮೈದಾನದಲ್ಲಿ ಆಟ ಇದ್ದಾಗಲೆಲ್ಲ ಕೋಚ್ ಮೊದಲು ಕೇಳುತ್ತಿದ್ದದ್ದು ಕಾಯಿ ಬಂತೇ ಎಂದು.

ಹೀಗೆ ನಮ್ಮ ಮನೆಯಲ್ಲಿ ಆ ಆಟಕ್ಕೆ ಹೋಮ ಎಂದೇ ಹೆಸರು ನಿಂತಿತು. ತಪ್ಪು ತಿಳಿದ ಮೇಲೂ ಅಜ್ಜಿ ಶಬ್ದ ಬದಲಿಸಲಿಲ್ಲ. ಹೋಮ ಇದ್ದರೆ ಕಾಯಿ, ಹೋಮ ಇಲ್ಲದಿದ್ದರೆ ಇಲ್ಲ. ಬೇರೆಯವರ ಮೈದಾನಕ್ಕೆ ಹೋಗಿ ಕಾಯಿ ಒಡೆಯುವುದು ಅಧಿಕಪ್ರಸಂಗ ಎಂದು ಅವಳ ಮತ. ನನಗೆ ಕನ್ನಡ ಅಕ್ಷರ ಕಲಿಸಿದ್ದು ಅವಳೇ, ಲಟ್ಟಣಿಗೆ ಮಣೆಯ ಮೇಲೆ ಜೋಳದ ಹಿಟ್ಟು ಹರಡಿ ಬೆರಳಿನಿಂದ ಬರೆಸುತ್ತಿದ್ದಳು. ಅದೇ ಹಿಟ್ಟಿನ ಮೇಲೆ ನಾನು ಅವಳಿಗೆ ಇಂಗ್ಲಿಷಿನ ಒಂದೇ ಒಂದು ಪದ ಬರೆದು ತೋರಿಸಿದೆ, ಸ್ಕೋರ್‌ಬೋರ್ಡಿನ ಮೇಲೆ ನಮ್ಮ ಕಡೆ ಇರುವ ಹೋಮ್. ಏಣಿಯಂಥ H ಅಕ್ಷರದಿಂದ ಶುರು ಎಂದು ಅವಳು ಗುರುತಿಟ್ಟುಕೊಂಡಳು. ಮೈದಾನಕ್ಕೆ ಬಂದರೆ ಮೊದಲು ಬೋರ್ಡಿನಲ್ಲಿ ಏಣಿ ಎಲ್ಲಿದೆ ನೋಡಿ, ಆಮೇಲೆ ನನ್ನ ಗೋಲಿನ ಹಿಂದೆ ಬಂದು ನಿಲ್ಲುವಳು. ಉಳಿದವರೆಲ್ಲ ಗುಂಪಿನಲ್ಲಿ ಓಡುತ್ತಾರೆ, ಪಾಪ ಇವಳೊಬ್ಬಳೇ ನಿಂತಿರುತ್ತಾಳೆ ಎಂದು ಅವಳ ಸಂಕಟ. ಅಪ್ಪನೂ ಅಲ್ಲೇ ನಿಂತು 'ಮುಂದ ಬಾ, ಮುಂದ ಬಾ' ಎಂದು ಬೆನ್ನ ಹಿಂದಿನಿಂದ ಹೇಳುತ್ತಿದ್ದ. ಶಿಫ್ಟು ಯಾವುದೇ ಇರಲಿ, ಒಂದು ಆಟ ತಪ್ಪಿಸಿದವನಲ್ಲ. ಅವರಿಬ್ಬರ ದನಿ ಬೆನ್ನಿಗಿದ್ದರೆ ನನಗೆ ಯಾರ ಹೆದರಿಕೆಯೂ ಇರಲಿಲ್ಲ.

ಆಟಕ್ಕೆ ಹೋಗುವಾಗ ಕೋಚಿನ ವ್ಯಾನಿನಲ್ಲಿ ನಾವು ಹುಡುಗಿಯರು ಆಡುತ್ತಿದ್ದ ಇನ್ನೊಂದು ಆಟವಿತ್ತು: ನೀನು ಯಾವ ದೇಶಕ್ಕೆ ಆಡುತ್ತೀ? ಒಬ್ಬಳಿಗೆ ಪೋರ್ಚುಗಲ್ಲೂ ಆದೀತು, ಕೆನಡಾವೂ ಆದೀತು. ಇನ್ನೊಬ್ಬಳ ತಾಯಿ ಜಮೈಕಾದವಳು, ತಂದೆ ಪೋಲೆಂಡಿನವನು, ಅವಳಿಗೆ ಮೂರು. ಒಂದು ದೇಶದ ಪರವಾಗಿ ಅಧಿಕೃತ ಪಂದ್ಯವೊಂದನ್ನು ಆಡಿದರೆ ಅಲ್ಲಿಗೆ ಮುಗಿಯಿತು, ಅಲ್ಲಿಯ ತನಕ ಎಲ್ಲ ಬಾಗಿಲೂ ತೆರೆದೇ ಇರುತ್ತವೆ. ಅವರೆಲ್ಲ ಎರಡು ಪಾಸ್‌ಪೋರ್ಟು ಇಟ್ಟುಕೊಂಡು ಆರಾಮಾಗಿ ಯೋಚಿಸಬಹುದಿತ್ತು. ನಮ್ಮದು ಹಾಗಲ್ಲ. ಕೆನಡಾದ ಪ್ರಜೆಯಾದ ಕ್ಷಣ ಭಾರತದ ಪಾಸ್‌ಪೋರ್ಟು ಹೋಗುತ್ತದೆ, ಅದಿಲ್ಲದೆ ಭಾರತಕ್ಕೆ ಆಡುವ ಹಾಗಿಲ್ಲ. ನಾನು ವ್ಯಾನಿನಲ್ಲಿ ಎರಡೂ ದೇಶದ ಹೆಸರು ಹೇಳಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅದು ಬರೀ ಮಾತಿನ ಆಟ ಎಂದುಕೊಂಡಿದ್ದೆ.

ಹದಿನೈದು ತುಂಬಿದ ವರ್ಷ ಅದು ನಿಜವಾಯಿತು. ಕೆನಡಾದ ಕಿರಿಯ ಹುಡುಗಿಯರ ತಂಡದ ಕ್ಯಾಂಪಿಗೆ ನನ್ನನ್ನು ಕರೆದಿದ್ದಾರೆ ಎಂದು ಕೋಚ್ ರೂಪ್ ಮನೆಗೇ ಬಂದು ಹೇಳಿದ. ಬಂದು ಅಭ್ಯಾಸ ಮಾಡಬಹುದು, ಆದರೆ ತಂಡದಲ್ಲಿ ಜಾಗ ಬೇಕಿದ್ದರೆ ಪೌರತ್ವ ಬೇಕು. ಅಷ್ಟರಲ್ಲಿ ಅಮ್ಮ ಕಾದು ಕಾದು ಸಾಕಾಗಿ, ಅಪ್ಪನಿಗೆ ಹೇಳಿಯೇ, ತನ್ನ ಮತ್ತು ನನ್ನ ಅರ್ಜಿ ಹಾಕಿಬಿಟ್ಟಿದ್ದಳು. ಪ್ರಮಾಣವಚನದ ದಿನವೂ ನಿಗದಿಯಾಗಿತ್ತು. ಅರ್ಜಿ ಹಾಕಿದಾಗ ಅಪ್ಪ ತಡೆದಿರಲಿಲ್ಲ. ಈಗ ಸುಮ್ಮನಿರಲಿಲ್ಲ. ಬೆಳಗಾವಿಯಲ್ಲಿ ಅವನ ಜೊತೆ ಆಡಿದ ಪಾಟೀಲ ಕಾಕಾ ಎಂಬವರು ಹುಡುಗಿಯರಿಗೆ ತರಬೇತಿ ಕೊಡುತ್ತಿದ್ದರು, ಅವರಿಗೆ ಫೋನು ಹಚ್ಚಿದ. ಭಾರತದ ಕಿರಿಯ ತಂಡಕ್ಕೂ ಅದೇ ಬೇಸಿಗೆಯಲ್ಲಿ ಆಯ್ಕೆ, ಹುಡುಗಿ ಬಂದರೆ ನೋಡುತ್ತಾರೆ ಎಂದು ಉತ್ತರ ಬಂತು. ಆ ಭಾನುವಾರದ ಊಟ ನನಗೆ ಚೆನ್ನಾಗಿ ನೆನಪಿದೆ. ತಟ್ಟೆಯಲ್ಲಿ ಬದನೆಕಾಯಿ ಎಣ್ಣೆಗಾಯಿ, ಅಜ್ಜಿಯ ರೊಟ್ಟಿ, ಅಮ್ಮನ ತಿಳಿಸಾರು. ಎಲ್ಲವೂ ಆರಿಹೋಗುತ್ತಿತ್ತು.

"ರೀ, ಅವಳು ಐದು ವರ್ಷಕ್ಕೇ ಇಲ್ಲಿಗೆ ಬಂದವಳು. ಸ್ಕೂಲು ಇಲ್ಲೇ, ಫ್ರೆಂಡ್ಸು ಇಲ್ಲೇ. ಅಲ್ಲಿ ಹೋಗಿ ಯಾರ ಜೊತೆ ಇರ್ತಾಳೆ?" ಎಂದಳು ಅಮ್ಮ.

"ನಾ ಆಡಬ್ಯಾಡ ಅಂದೇನೇನು? ಆಡ್ಲಿ. ತನ್ನ ದೇಶಕ್ಕ ಆಡ್ಲಿ."

"ಯಾವುದ್ರೀ ಅವಳ ದೇಶ?"

"ಅದನ್ನೂ ನಾನಽ ಹೇಳಬೇಕೇನು? ಇಲ್ಲೆ ಅಕಿ ಎಷ್ಟು ಛಲೋ ಆಡಿದ್ರೂ ಅವೇ ಟೀಮನಽ, ಸುಧಾ. ನಾ ನೋಡಿಲ್ಲೇನು?"

"ಅದು ನಿಮ್ಮ ಕಥೆ. ಅದನ್ನ ಅವಳ ಬ್ಯಾಗಿಗೆ ತುಂಬಬೇಡಿ."

"Can I have her roti?" ಎಂದ ಪವನ. ಇಬ್ಬರೂ ಒಟ್ಟಿಗೆ ಅವನ ಮೇಲೆ ರೇಗಿದರು. ಆ ಸಂಜೆ ಇಬ್ಬರೂ ಒಂದೇ ಮಾತಾಡಿದ್ದು ಅದೊಂದೇ. ಅಜ್ಜಿ ರೊಟ್ಟಿಯ ಬುಟ್ಟಿಯನ್ನು ಮುಚ್ಚಿ ಬದಿಗೆ ಸರಿಸಿದಳು.

"ಆಡಾಕಿ ಇಲ್ಲೇ ಕೂತಾಳ. ಅಕಿನ್ನ ಒಬ್ಬರರೆ ಕೇಳೀರೇನು?"

ಎಲ್ಲರೂ ನನ್ನ ಕಡೆ ತಿರುಗಿದರು. 

"ನನಗ ಎರಡೂ ಬೇಕಜ್ಜಿ."

"ಅದು ನನಗೂ ಗೊತ್ತದ. ಒಂದಽ ಕೊಡ್ತಾರಂತ. ಹೇಳು."

ನಾನು ಬಹಳ ದಿನದಿಂದ ಯೋಚಿಸಿದ್ದೆ. ಭಾರತ ನನಗೆ ಬೇಡದ ದೇಶವಲ್ಲ, ನನ್ನ ಬಾಯಲ್ಲಿದ್ದ ಮಾತೆಲ್ಲ ಅಲ್ಲಿಯದೇ. ಆದರೆ ರಾತ್ರಿ ಕಣ್ಣು ಮುಚ್ಚಿ ಒಂದು ಗೋಲು ತಡೆದಂತೆ ಕಲ್ಪಿಸಿಕೊಂಡರೆ, ಕಾಲ ಕೆಳಗಿನ ಹುಲ್ಲು ಮಾತ್ರ ಮಿಸಿಸಾಗಾದ ಹುಲ್ಲೇ ಆಗಿರುತ್ತಿತ್ತು, ಹಿಂದಿನಿಂದ ಕೇಳುವ ದನಿ ಬೆಳಗಾವಿಯ ಕನ್ನಡವಾಗಿರುತ್ತಿತ್ತು. ಎರಡೂ ಒಟ್ಟಿಗೆ ಸಿಗುವ ಜಾಗ ಇದೊಂದೇ. ಅಷ್ಟೆಲ್ಲ ಬಿಡಿಸಿ ಹೇಳಲು ಬರಲಿಲ್ಲ.

"ನೀವು ಬಂದು ಗೋಲಿನ ಹಿಂದ ಎಲ್ಲೆ ನಿಂದರತೀರಿ, ಅಲ್ಲೇ ಆಡ್ತೇನಿ," ಎಂದೆ. "ಇಲ್ಲೆ."

ಅಪ್ಪ ಎದ್ದು ಕೈ ತೊಳೆದುಕೊಂಡು ಬೇಸ್‌ಮೆಂಟಿಗೆ ಇಳಿದುಹೋದ. ಬೈದಿದ್ದರೆ ಒಳ್ಳೆಯದಿತ್ತು. ನನಗೆ ಅಳು ಬಂತು, ಅಮ್ಮ ತಬ್ಬಿಕೊಂಡಳು, ಅಜ್ಜಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಪ್ರಮಾಣವಚನದ ದಿನ ಅಮ್ಮ ಮೈಸೂರು ರೇಷ್ಮೆ ಉಟ್ಟಳು. ಅಪ್ಪನೇ ಕಾರು ಓಡಿಸಿಕೊಂಡು ಬಂದು ಬಾಗಿಲ ಮುಂದೆ ಇಳಿಸಿದ, ಒಳಗೆ ಬರಲಿಲ್ಲ. ನಾವು ಹೊರಗೆ ಬಂದಾಗ ಎಂಜಿನ್ನು ಚಾಲೂ ಇಟ್ಟುಕೊಂಡೇ ಕೂತಿದ್ದ. ಆತೇನು ಎಂದು ಕೇಳಿದ, ಆಯ್ತು ಎಂದಳು ಅಮ್ಮ, ಮನೆಯ ತನಕ ಅಷ್ಟೇ ಮಾತು. ಕೆಲವು ವಾರಗಳ ಮೇಲೆ ನನ್ನ ಹಳೆಯ ಪಾಸ್‌ಪೋರ್ಟು ರದ್ದಾಗಿ, ಮೂಲೆ ಕತ್ತರಿಸಿಕೊಂಡು ವಾಪಸು ಬಂತು. ಅಪ್ಪ ಅದನ್ನು ಕೈಯಲ್ಲಿ ಹಿಡಿದು, ಚಿಕ್ಕಂದಿನ ನನ್ನ ಎರಡು ಜಡೆಯ ಫೋಟೋ ನೋಡಿ, ದೇವರ ಕಪಾಟಿನಲ್ಲಿ ಇಟ್ಟ. ಆ ಮೇಲೆ ಅವನು ಆಟಕ್ಕೆ ಬರುವುದನ್ನು ನಿಲ್ಲಿಸಿದ. ಜಗಳವಿಲ್ಲ, ಮುನಿಸಿನ ಮಾತಿಲ್ಲ. ಶನಿವಾರ ಓವರ್‌ಟೈಮ್ ಅದ ಎನ್ನುವನು. ಗ್ಯಾರೇಜಿನ ಬಾಗಿಲ ಮುಂದೆ ನಾನು ಗೋಡೆಗೆ ಬಾಲು ಒದ್ದು ನಾನೇ ಹಿಡಿಯುತ್ತಿದ್ದೆ. ಅಜ್ಜಿ ಗೋಲಿನ ಹಿಂದೆ ಒಬ್ಬಳೇ ನಿಲ್ಲುತ್ತಿದ್ದಳು. ಕಾಯಿ ತಂದರೂ ಒಡೆಯುವವನಿಲ್ಲ, ಹಾಗೇ ಒಯ್ಯಬಾರದು ಎಂದವಳೇ ವಾಪಸು ಒಯ್ಯುತ್ತಿದ್ದಳು. ಕ್ಯಾಂಪಿನಲ್ಲಿ ನಾನು ಚೆನ್ನಾಗಿಯೇ ಆಡುತ್ತಿದ್ದೆ, ಎಲ್ಲರೂ ಹೊಗಳುತ್ತಿದ್ದರು. ನನಗೆ ಮಾತ್ರ ತಂಡದಲ್ಲಿ ಜಾಗ ಸಿಗುತ್ತದೋ ಇಲ್ಲವೋ ಎಂಬ ಚಿಂತೆಗಿಂತ, ಅಪ್ಪ ಇನ್ನೊಮ್ಮೆ ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಾನೋ ಇಲ್ಲವೋ ಎಂಬುದೇ ದೊಡ್ಡದಾಗಿತ್ತು.

ಕೆನಡಾ ತಂಡದ ಅಂಗಿ ನನಗೆ ಮೊದಲು ಸಿಕ್ಕಿದ್ದು ರಿಚ್ಮಂಡ್ ಹಿಲ್‌ನಲ್ಲಿ, ಅಲ್ಲಿಯ ಹುಡುಗರ ಕ್ಲಬ್ಬಿನ ಎದುರು ನಡೆದ ಒಂದು ಅಭ್ಯಾಸ ಪಂದ್ಯಕ್ಕೆ. ಕೆಂಪು ಅಂಗಿ ಮೈದಾನದಲ್ಲಿ ಓಡುವ ಆಟಗಾರರಿಗೆ, ಕೀಪರಿಗೆ ಹಸಿರು. ಬೆಳಿಗ್ಗೆ ಕೋಚ್ ಬಂದು ನನ್ನನ್ನು ಕರೆದುಕೊಂಡು ಹೋದ. ಅಮ್ಮ, ಅಜ್ಜಿ ಬಸ್ಸು ಬದಲಿಸಿಕೊಂಡು ಬರುವುದೆಂದು ಮಾತಾಗಿತ್ತು. ಹೊರಡುವಾಗ ಅಪ್ಪನ ಕಾರು ಮನೆಯ ಮುಂದೆ ಇರಲಿಲ್ಲ. ಮೈದಾನ ಆ ಹುಡುಗರದು, ಆದ್ದರಿಂದ ಬೋರ್ಡಿನಲ್ಲಿ ಹೋಮ್ ಎಂದು ಅವರ ಕಡೆ, ವಿಸಿಟರ್ ಎಂದು ನಮ್ಮ ಕಡೆ. ಅಂದು ಆ ಹುಡುಗರು ನಮ್ಮನ್ನು ಚೆನ್ನಾಗಿ ಸೋಲಿಸಿದರು, ಅದು ಬೇರೆ ಮಾತು. ಆಟ ಶುರುವಾಗುವ ಮುಂಚೆ ನಾನು ಕಂಬ ಮುಟ್ಟಿ ನಮಸ್ಕಾರ ಮಾಡಿ, ಕೈಗವಸಿನ ಪಟ್ಟಿ ಬಿಗಿದುಕೊಂಡು ಮುಂದೆ ನೋಡುತ್ತ ನಿಂತೆ. ಬೆನ್ನ ಹಿಂದೆ, ಕಾರ್ ಪಾರ್ಕಿನ ಕಟ್ಟೆಯ ಹತ್ತಿರ, ಕಾರಿನ ಬಾಗಿಲು ಹಾಕಿದ ಸದ್ದು. ಆಮೇಲೆ, ಬಸ್ಸಿನಲ್ಲಿ ಮೊದಲೇ ಬಂದು ಗೋಲಿನ ಹಿಂದೆ ನಿಂತಿದ್ದ ಅಜ್ಜಿಯ ದನಿ.

"ವಸಂತಾ, ಕಾಯಿ ಯಾಕ ತಂದಿ ನೀ? ಇವತ್ತ ಹೋಮ ನಮ್ಮದಲ್ಲೋ. ಅಲ್ಲೆ ಬೋರ್ಡ್ ನೋಡು, ಏಣಿ ಅತ್ಲಾಕಡೆ ಅದ."

  ಅಪ್ಪನೂ ಬೋರ್ಡು ನೋಡುತ್ತಿದ್ದನೇನೋ.

"ತಪ್ಪು ಬರದಾರವ್ವಾ," ಎಂದ. "ಹೋಮ ನಮ್ಮದಽ ಅದ."

ರೆಫ್ರಿ ಸೀಟಿಯನ್ನು ಬಾಯಿಗಿಟ್ಟುಕೊಂಡಿದ್ದ. ಗೋಲ್‌ಕೀಪರ್ ಆದವಳು ಆಗ ಹಿಂದೆ ತಿರುಗುವ ಹಾಗಿಲ್ಲ, ನಾನು ತಿರುಗಲಿಲ್ಲ. ಹಿಂದೆ ಕಟ್ಟೆಯ ಮೇಲೆ ಕಾಯಿ ಒಡೆದದ್ದು ಕೇಳಿಸಿತು, ಒಂದೇ ಏಟಿಗೆ.